ನೀರಿನ ಕಡೆಗೆ ಇನ್ನೂರು ಹೆಜ್ಜೆ

ಕಾಫಿಯ ಮಗ್ಗನ್ನು ಬಲಗೈಯಲ್ಲಿ ಎತ್ತಿದಾಗ ಭುಜದೊಳಗೆ ಏನೋ ಸರಿದಂತಾಗಿ ಓರಿನ್ ಥೇಯರ್ ಅದನ್ನು ಎಡಗೈಗೆ ದಾಟಿಸಿದ; ದಾಟಿಸಿದ್ದನ್ನು ಹೆಂಡತಿ ಫರ್ನ್ ನೋಡಿದಳು; ಅವಳು ನೋಡಿದ್ದು ತನಗೆ ಗೊತ್ತಾಗಲಿಲ್ಲವೆಂಬಂತೆ ಅವನು ಕಿಟಕಿಯ ಕಡೆ ತಿರುಗಿದ. ಕಿಟಕಿಯಾಚೆ ಆಗಸ್ಟ್ ತಿಂಗಳ ಒಣ ಬೆಳಗು, ಬೇಲಿಯ ಮೇಲೊಂದು ಮ್ಯಾಗ್ಪೈ ಹಕ್ಕಿ, ಅದರಾಚೆ ವಿಂಡ್ ರಿವರ್ ಪರ್ವತದ ಸಾಲು. ಅರವತ್ತಮೂರು ವರ್ಷದಿಂದ ನೋಡುತ್ತಿದ್ದ ಸಾಲು ಇವತ್ತು ಯಾಕೋ ಪಕ್ಕದ ಮನೆಯವರು ಒಣಹಾಕಿದ ಬಟ್ಟೆಯ ಹಾಗೆ, ನೋಡಬಾರದಿದ್ದ ವಸ್ತುವಿನ ಹಾಗೆ ಕಂಡಿತು.

"ಡಾರ್ಸಿಗೆ ಮಧ್ಯಾಹ್ನದೊಳಗೆ ಹೇಳ್ಬೇಕಂತೆ," ಎಂದಳು ಫರ್ನ್. "ಟೆಕ್ಸಾಸಿನವನ್ಯಾವನೋ ಕೈಕೊಟ್ಟಿದಾನೆ. ಅವಳ ಬೇಟೆ ತಂಡದಲ್ಲಿ ಒಂದು ಜಾಗ ಖಾಲಿ ಇದೆ. ನೀನು ಬೇಡ ಅಂದ್ರೆ ಇನ್ನೊಬ್ಬ ಟೆಕ್ಸಾಸಿನವನು ಕಾಯ್ತಾ ಇದಾನೆ."

"ನಾನು ಟೆಕ್ಸಾಸಿನವನಲ್ಲ."

"ಅದೇ ನಿನ್ನ ಕಾಯಿಲೆ. ಭುಜದ್ದಲ್ಲ."

ಅವನು ಮಗ್ಗನ್ನು ಮೇಜಿನ ಮೇಲಿಟ್ಟ. ನವೆಂಬರಿನಲ್ಲಿ ಭುಜ ಕೊಯ್ಯುತ್ತಾರೆ. ಕೊಯ್ದ ಮೇಲೆ ಏನು ಮಾಡಬಹುದು ಎಂದು ಕೇಳಿದಾಗ ಡಾಕ್ಟರು ಬಹಳ ಪ್ರೀತಿಯಿಂದ, ಮೀನು ಹಿಡಿಯಬಹುದು ಎಂದಿದ್ದರು. ಅಂದರೆ ಉಳಿದಿರುವುದು ಇದೊಂದೇ ಸೆಪ್ಟೆಂಬರು. ಹೆದೆ ಎಳೆಯಲು ಐವತ್ತು ಪೌಂಡಿನಷ್ಟು ಬಲ ಬೇಡದ ಬಿಲ್ಲನ್ನು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಒಯ್ಯಲು ಕಾನೂನು ಬಿಡುವುದಿಲ್ಲ. ಅವನದು ಐವತ್ತನಾಲ್ಕರ ಬಿಲ್ಲು, ಓಸೇಜ್ ಮರದ ಒಂದೇ ಸೀಳಿನಿಂದ ಅವನೇ ಕೆತ್ತಿದ್ದು. ಬೆಳಿಗ್ಗೆ ಅದರ ಹೆದೆಯನ್ನು ಗದ್ದದವರೆಗೆ ಆರು ಸಲ ಎಳೆಯಬಲ್ಲ. ಏಳನೆಯ ಸಲ ಗದ್ದಕ್ಕೆ ಎರಡು ಬೆರಳು ಮುಂಚೆಯೇ ಕೈ ನಿಂತುಬಿಡುತ್ತದೆ, ಎದುರಿಗೆ ಯಾರೋ ಬಾಗಿಲು ಹಾಕಿಕೊಂಡಂತೆ.

"ಒಬ್ಬನೇ ಹೋಗು, ಬೇಡ ಅನ್ನಲ್ಲ," ಫರ್ನ್ ಬಾಣಲೆ ಉಜ್ಜುತ್ತಾ ಹೇಳಿದಳು. "ಹೊಡೀತೀಯ ಅಂತಲೇ ಇಟ್ಕೊ. ಏಳುನೂರು ಪೌಂಡು ಪ್ರಾಣಿ. ಎಂಟು ಮೈಲಿ ಹೊತ್ತು ತರೋರು ಯಾರು, ನಾನಾ? ನನ್ನ ಮಂಡಿ ನೋಡಿದೀಯಾ ಯಾವತ್ತಾದ್ರೂ?"

"ನೋಡಿದೀನಿ."

"ನಲವತ್ತು ವರ್ಷದ ಹಿಂದೆ ನೋಡಿದ್ದು ಲೆಕ್ಕಕ್ಕಿಲ್ಲ, ಮಾರಾಯ. ಡಾರ್ಸಿ ಹತ್ರ ಹೇಸರಗತ್ತೆಗಳಿವೆ. ಅವು ಹೊರ್ತವೆ. ನೀನು ಬರೀ ಬಾಣ ಬಿಟ್ಟು ಮೀಸೆ ತಿರುವಿಕೊಂಡು ಬಾ."

ಬರೀ ಬಾಣ ಬಿಡುವುದು. ಅವನು ಹಿತ್ತಿಲ ಕೆಲಸದ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡ. ದೇವದಾರು ಕಡ್ಡಿಗಳ ವಾಸನೆ, ಅಂಟಿನ ವಾಸನೆ, ಹೆರೆದ ಸಿಪ್ಪೆಯ ಮೇಲೆ ಬಿದ್ದ ಬಿಸಿಲು. ಇಲ್ಲಿಂದಲೇ ಅವನು ಮೂವತ್ತು ವರ್ಷ ಆ ಇಡೀ ಸೀಮೆಯ ಬಿಲ್ಲುಗಾರರಿಗೆ ಬಿಲ್ಲು ಮಾಡಿಕೊಟ್ಟಿದ್ದ, ಜೊತೆಗೆ ಉಪದೇಶವನ್ನೂ. ಪ್ರತಿ ಫೆಬ್ರವರಿಯ ಬಿಲ್ಲುಗಾರರ ಸಂಘದ ಊಟದಲ್ಲಿ ಎದ್ದು ನಿಂತು ಹೊಸಬರಿಗೆ ಹೇಳುತ್ತಿದ್ದ: ರಾಟೆಗಳಿರುವ ಬಿಲ್ಲು ಹಿಡಿದವನು ಎಂಬತ್ತು ಹೆಜ್ಜೆಯಿಂದ ಹೊಡೆಯಲಿ, ಅದು ಅವನ ಕರ್ಮ; ನಾವು ಹದಿನೈದು ಹೆಜ್ಜೆಗೆ ಹೋಗಬೇಕು, ಅದರ ಕಣ್ಣ ರೆಪ್ಪೆ ಕಾಣಬೇಕು, ಅಲ್ಲಿಗೆ ನಮ್ಮ ಕಾಲ ಮೇಲೆ ನಾವೇ ಹೋಗಬೇಕು; ಗೈಡು ತೋರಿಸಿದ ಎಲ್ಕ್ ಗೈಡಿನದು. ಎಲ್ಲರೂ ಮೇಜು ಕುಟ್ಟುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದ ಗಸ್ ಬೆಕ್‌ಸ್ಟೆಡ್, ಹೊರಗಿನವರನ್ನು ಹೇಸರಗತ್ತೆಗಳ ಮೇಲೆ ಕಾಡಿಗೆ ಒಯ್ದು ಬೇಟೆಯಾಡಿಸುವುದೇ ಕಸುಬಾಗಿದ್ದವನು, ಎಲ್ಲರಿಗಿಂತ ಜೋರಾಗಿ ಕುಟ್ಟುತ್ತಿದ್ದ. "ಸರಿಯಾಗಿ ಬೈತಾನಪ್ಪ ನನ್ಮಗ, ಇನ್ನೊಂದು ಬಿಯರ್ ಕೊಡಿ ಅವನಿಗೆ!" ಎಂದು ಕೂಗುತ್ತಿದ್ದ. ಹೊರರಾಜ್ಯದವನು ಮೀಸಲು ಕಾಡಿಗೆ ಗೈಡಿಲ್ಲದೆ ಬೇಟೆಗೆ ಕಾಲಿಡುವಂತಿಲ್ಲ, ವಯೋಮಿಂಗಿನವನು ಇಡಬಹುದು. ಇಲ್ಲಿ ಹುಟ್ಟಿದ್ದಕ್ಕೆ ಸಿಗುವ ಒಂದೇ ಸವಲತ್ತೆಂದರೆ ಯಾರ ಸಹಾಯವೂ ಇಲ್ಲದೆ ದಾರಿ ತಪ್ಪುವುದು. ಆ ಸವಲತ್ತನ್ನು ಬಿಟ್ಟುಕೊಟ್ಟು, ಸತ್ತ ಗಸ್‌ನ ಮಗಳು ಡಾರ್ಸಿಯ ಹಿಂದೆ, ತನ್ನದೇ ಬೆಟ್ಟದಲ್ಲಿ, ಟೆಕ್ಸಾಸಿನವನ ಜಾಗದಲ್ಲಿ ಹೋಗುವುದು. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಏನನ್ನುತ್ತಾರೆ ಎಂದು ಯೋಚಿಸಿದ. ಯಾರೂ ಏನೂ ಅನ್ನುವುದಿಲ್ಲ, ಟೋಪಿ ಸರಿಮಾಡಿಕೊಳ್ಳುತ್ತಾರೆ.

ಆದರೆ ಡಾರ್ಸಿಯ ಜೊತೆ ಹೋದರೆ ಬೇಟೆಯೇ ಬೇರೆ. ಅವಳು ಅರವತ್ತು ಹೆಜ್ಜೆ ಹಿಂದೆ, ಮರದ ಮರೆಯಲ್ಲಿ ಕೂತು ಹೆಣ್ಣಿನ ದನಿಯಲ್ಲಿ ಕರೆಯುತ್ತಾಳೆ. ಗಂಡು ಎಲ್ಕ್ ಆ ದನಿಯನ್ನು ಹುಡುಕಿಕೊಂಡು ಬರುತ್ತದೆ, ಅದರ ಕಣ್ಣು ಪೂರ್ತಿ ಅವಳಿರುವ ಕಡೆಗೆ. ನಡುವೆ ಮಂಡಿಯೂರಿ ಕೂತ ಬಿಲ್ಲುಗಾರ ಅದಕ್ಕೆ ಒಂದು ಪೊದೆ. ಪೊದೆಯಾಗಿದ್ದರೆ ಸಾಕು, ನಿಧಾನವಾಗಿ ಎಳೆಯಬಹುದು, ನೋಯುವ ಭುಜಕ್ಕೂ ಅವಕಾಶ. ಒಬ್ಬನೇ ಹೋದವನು ತಾನೇ ಕರೆಯಬೇಕು, ತಾನೇ ಹೊಡೆಯಬೇಕು. ಆಗ ಅದು ಕರೆದವನನ್ನೇ ನೋಡುತ್ತಾ ಬರುತ್ತದೆ. ಹಾಗೆ ನೋಡುತ್ತಾ ಬಂದ ಒಂದರ ತಲೆಬುರುಡೆ, ಆರಾರು ಕವಲಿನ ಕೊಂಬಿನ ಸಮೇತ, ಈಗ ಅವನ ಕೆಲಸದ ಮೇಜಿನ ಮೇಲುಗಡೆ ಗೋಡೆಯಲ್ಲಿತ್ತು. ಹನ್ನೊಂದು ವರ್ಷದ ಹಿಂದಿನದು. ಆ ಸೀಮೆಯಲ್ಲಿ ಬರಿಯ ಮರದ ಬಿಲ್ಲಿನಿಂದ ಒಬ್ಬನೇ ಹೋಗಿ ಹೊಡೆದದ್ದರಲ್ಲಿ ಅಷ್ಟು ದೊಡ್ಡದನ್ನು ಯಾರೂ ನೋಡಿರಲಿಲ್ಲ. ಬಿಲ್ಲು ಮಾಡಿಸಿಕೊಳ್ಳಲು ಬಂದವರೆಲ್ಲ ಮೊದಲು ಅದರ ಕೆಳಗೆ ನಿಂತು ಕತ್ತೆತ್ತುತ್ತಾರೆ. ಅವನು ಮಾತ್ರ ಆ ಮೇಜಿನಲ್ಲಿ ಕೆಲಸ ಮಾಡುವಾಗ ಕತ್ತೆತ್ತುವುದಿಲ್ಲ. ಬಾಣಕ್ಕೆ ಪಟ್ಟೆ ಬರೆಯುವವನು ಕತ್ತು ಬಗ್ಗಿಸಿಯೇ ಇರಬೇಕಲ್ಲ. ಅವನ ಪಟ್ಟೆಯೆಂದರೆ ಕೆಂಪಿನ ಎರಡು ತೆಳು ಗೆರೆ, ನಡುವೆ ಬೆರಳಗಲ ಹಸಿರು. ಸಂಘದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಟ್ಟೆ. ಒಬ್ಬನದನ್ನು ಇನ್ನೊಬ್ಬ ಬರೆದುಕೊಳ್ಳುವುದಿಲ್ಲ, ಒಬ್ಬನ ಸಹಿಯನ್ನು ಇನ್ನೊಬ್ಬ ಹಾಕದ ಹಾಗೆ.

ಹತ್ತು ಗಂಟೆಗೆ ಬಿಲ್ಲು, ನಾಲ್ಕು ಬಾಣ ಗಾಡಿಯಲ್ಲಿಟ್ಟುಕೊಂಡು ಹೊರಟ. ಏನೂ ನಿರ್ಧರಿಸಿರಲಿಲ್ಲ. ಬೇಡವೆಂದು ಹೇಳುವುದಾದರೂ ಎದುರಿಗೇ ಹೋಗಿ ಹೇಳುವುದು ಮರ್ಯಾದೆ ಎಂದುಕೊಂಡ. ಎರಡು ಮೈಲಿ ಹೋದಮೇಲೆ, ಬೇಡವೆನ್ನಲು ಹೋಗುವವನು ಬಿಲ್ಲು ಯಾಕೆ ತಂದ ಎಂದು ತನ್ನನ್ನೇ ಕೇಳಿಕೊಂಡು ಉತ್ತರ ಬರುವ ಮೊದಲೇ ರೇಡಿಯೋ ಹಾಕಿದ. ಜೇಬಿನಲ್ಲಿ ಈ ವರ್ಷದ ಪರವಾನಗಿ ಚೀಟಿಯಿತ್ತು. ಒಂದು ಚೀಟಿ, ಒಂದು ಎಲ್ಕ್. ಚೀಟಿಯ ಅಂಚಿನಲ್ಲಿ ತಿಂಗಳು ದಿನಾಂಕಗಳ ಸಣ್ಣ ಚೌಕಗಳು; ಪ್ರಾಣಿ ಬಿದ್ದ ದಿನದ ಚೌಕವನ್ನು ಚಾಕುವಿನಿಂದ ಕತ್ತರಿಸಿ, ಸಹಿ ಮಾಡಿ, ಅದರ ಮೈಗೆ ಕಟ್ಟಬೇಕು. ಹನ್ನೊಂದು ವರ್ಷದ ಹಿಂದಿನ ಆ ಚೀಟಿಯಲ್ಲೂ ಕತ್ತರಿಸಿದ್ದ. ಸೆಪ್ಟೆಂಬರ್, ಹದಿನಾಲ್ಕು. ಸಂಜೆ. ಆದರೆ ಅದೇ ದಿನ ಬೆಳಿಗ್ಗೆಯೂ ಇತ್ತು. ಬೆಳಿಗ್ಗೆ ಹರ್ಲಿ ಹಳ್ಳದ ಮೇಲಿನ ಆಸ್ಪೆನ್ ತೋಪಿನಲ್ಲಿ ಇನ್ನೊಂದು ಬಂದಿತ್ತು, ಐದೈದು ಕವಲಿನದು, ಸಾಧಾರಣದ್ದು. ಹದಿನಾರು ಹೆಜ್ಜೆ. ಬಾಣ ಬಿಟ್ಟ ಕೂಡಲೇ ಕೇಳಿದ ಸದ್ದು ಪಕ್ಕೆಲುಬಿನದಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಒದ್ದೆ ಹಾಸಿಗೆಗೆ ಗುದ್ದಿದಂಥ ಸದ್ದು. ಒಂದು ಗೇಣು ಹಿಂದಕ್ಕೆ ಬಿದ್ದಿತ್ತು. ಹಾಗೆ ಬಿದ್ದಾಗ ಬೆನ್ನು ಹತ್ತಬಾರದು, ಅರ್ಧ ದಿನ ಕಾಯಬೇಕು, ಆಮೇಲೆ ಇಳಿಜಾರಿಗೆ ಹುಡುಕಬೇಕು, ಗಾಯಗೊಂಡದ್ದು ನೀರಿಗೆ ಹೋಗುತ್ತದೆ; ಇದನ್ನೂ ಅವನೇ ಪ್ರತಿ ಫೆಬ್ರವರಿಯಲ್ಲಿ ಹೇಳಿಕೊಡುತ್ತಿದ್ದ. ಎಲೆಗಳ ಮೇಲೆ ಕಪ್ಪು ರಕ್ತದ ನಾಲ್ಕು ಹನಿ ನೋಡಿದ. ಐದನೆಯದನ್ನು ಹುಡುಕುತ್ತಾ ಬಗ್ಗಿದ್ದಾಗ ಮೇಲಿನ ದಿಣ್ಣೆಯಿಂದ ಆ ಕೂಗು ಕೇಳಿಸಿತು, ಕೊಳಲಿನಂತೆ ಎದ್ದು ಗೊಗ್ಗರಾಗಿ ಇಳಿಯುವ, ಎದೆಯ ಗೂಡನ್ನೇ ಅಲುಗಿಸುವ ದೊಡ್ಡ ಗಂಡಿನ ಕೂಗು. ಎರಡು ಗಂಟೆ ಹುಡುಕಿದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಹುಡುಕಿದ್ದೂ ನಿಜ. ದಿಣ್ಣೆಯ ಕಡೆಗೆ ಹುಡುಕಿದ.

ಬೆಕ್‌ಸ್ಟೆಡ್ ತೋಟದ ಅಂಗಳದಲ್ಲಿ ಡಾರ್ಸಿ ಹೇಸರಗತ್ತೆಯ ಹಿಂಗಾಲನ್ನು ತೊಡೆಯ ನಡುವೆ ಹಿಡಿದು ಗೊರಸು ಹೆರೆಯುತ್ತಿದ್ದಳು. ಮೂವತ್ತೈದರ ಹೆಂಗಸು, ಅಪ್ಪನ ದವಡೆ, ಅಪ್ಪನ ಟೋಪಿ.

"ಬಂದ್ರಾ! ನೀವು ಬರೋದಿಲ್ಲ ಅಂತ ಇದರ ಜೊತೆ ಬಾಜಿ ಕಟ್ಟಿದ್ದೆ," ಎಂದು ಕತ್ತೆಯ ತೊಡೆಗೆ ತಟ್ಟಿದಳು. "ಇದೇ ಗೆದ್ದಿತು. ಫರ್ನ್ ಹೇಗಿದಾರೆ?"

"ನನ್ನನ್ನ ಕಳಿಸಿ ಆರಾಮಾಗಿದಾಳೆ."

"ಎಲ್ಲ ಹೆಂಡ್ತೀರೂ ಹಾಗೇ. ನಮ್ಮ ಅರ್ಧ ವ್ಯಾಪಾರ ನಡೀತಿರೋದೇ ಅವರಿಂದ." ಅವಳು ಕಾಲು ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. ಆಮೇಲೆ ಅವನ ಮುಖ ನೋಡದೆ, ಉಗುರಿನ ಕೊಳೆ ನೋಡುತ್ತಾ ಹೇಳಿದಳು. "ಒಂದು ವಿಷ್ಯ, ಓರಿನ್. ನಿಮಗೆ ಹೇಳೋಕೆ ನಾಚಿಕೆಯಾಗುತ್ತೆ. ಮರದ ಬಿಲ್ಲಿನವರು ಯಾರೇ ಬಂದ್ರೂ ಹದಿನೈದು ಹೆಜ್ಜೇಲಿ ಮೂರು ಬಾಣ ಹೊಡೆದು ತೋರಿಸ್ಬೇಕು. ನಿಯಮ. ನಿಮ್ಮೊಬ್ಬರಿಗೆ ಬಿಟ್ರೆ..."

"ಬಿಡಬೇಡ."

ಹುಲ್ಲಿನ ಬಣವೆಯ ಮುಂದೆ ಗುರಿ ಅಭ್ಯಾಸದ ಸ್ಪಂಜಿನ ಎಲ್ಕ್ ನಿಂತಿತ್ತು. ಅದರ ಒಂದು ಕಣ್ಣನ್ನು ಯಾವನೋ ಕಿತ್ತುಹಾಕಿದ್ದ. ಪಕ್ಕದಲ್ಲಿ ಒರಗಿಸಿದ್ದ ಅವಳ ಬಿಲ್ಲು ಕೂಡ ತಾನೇ ಮಾಡಿಕೊಟ್ಟದ್ದು, ಅವಳಿಗೆ ಹನ್ನೆರಡು ತುಂಬಿದಾಗ, ಗಸ್ ದುಡ್ಡು ಕೊಡಲು ಬಂದಾಗ ಬೇಡವೆಂದು ಜಗಳವಾಡಿದ್ದು ಎಲ್ಲ ನೆನಪಾಯಿತು. ಬಾಣ ಹೂಡಿದ. ಮೊದಲನೆಯದು ಎದೆಗೂಡಿಗೆ ಹೋಗಿ ಕೂತಿತು. ಎರಡನೆಯದು ಅದರ ಪಕ್ಕ, ನಾಲ್ಕು ಬೆರಳು. ಅವಳು ಸಿಳ್ಳೆ ಹಾಕಿದಳು. ಆ ಸಿಳ್ಳೆಯಿಂದ ಅವನಿಗೆ ಸಂತೋಷವಾಯಿತು. ಅರವತ್ತಮೂರನೆಯ ವಯಸ್ಸಿನಲ್ಲಿ, ಕತ್ತೆಯೊಂದರ ಎದುರು, ಅಷ್ಟು ಸಂತೋಷವಾಯಿತಲ್ಲ ಎಂದು ಅವಮಾನವೂ ಆಯಿತು, ಮತ್ತು ಆ ಎರಡರ ನಡುವೆ ಎಲ್ಲೋ ಮೂರನೆಯ ಬಾಣವನ್ನು ಎಳೆದ. ಕೈ ಗದ್ದಕ್ಕೆ ಬರಲಿಲ್ಲ. ಇನ್ನೇನು ಬಂತು ಎಂದು ಕಾಯುತ್ತಿರುವಾಗಲೇ ಬೆರಳು ಸಡಿಲಿತು. ಬಾಣ ತಗ್ಗಾಗಿ, ಹಿಂದಕ್ಕೆ ಹೋಗಿ, ಸ್ಪಂಜಿನ ಹೊಟ್ಟೆಯ ಕೆಳ ಅಂಚಿಗೆ ನಾಟಿ ತೂಗಾಡಿತು. ಸದ್ದು ಕೂಡ ಅದೇ.

ಡಾರ್ಸಿ ಟೋಪಿ ಸರಿಮಾಡಿಕೊಂಡಳು.

"ಗಾಳಿ ಬೀಸ್ತು," ಎಂದಳು.

ಬಣವೆಯ ಒಂದು ಹುಲ್ಲೂ ಅಲುಗಿರಲಿಲ್ಲ. ಟೆಕ್ಸಾಸಿನವನಾಗಿದ್ದರೆ ಅವನಿಗೆ ಇನ್ನೂ ಮೂರು ಬಾಣ ಹೊಡೆಸುತ್ತಿದ್ದಳು, ಇಲ್ಲವೆ ಕ್ಷಮಿಸಿ ಎಂದು ವಾಪಸು ಕಳಿಸುತ್ತಿದ್ದಳು. ಓರಿನ್‌ನನ್ನು ಮಾತ್ರ ಗಾಳಿಗೆ ಒಪ್ಪಿಸಿ ಪಾಸು ಮಾಡಿದಳು. "ಹೌದು, ಸ್ವಲ್ಪ ಬೀಸ್ತು," ಎಂದ ಅವನು. ಹಾಗೆನ್ನುವ ಅಗತ್ಯವಿರಲಿಲ್ಲ.

ಜೀನು ಲಗಾಮುಗಳ ಕೋಣೆಯಲ್ಲಿ ಅವಳು ಒಂದು ಪೀಪಾಯಿಯ ಮೇಲೆ ಕಾಗದ ಹರಡಿದಳು. ಚರ್ಮದ ಎಣ್ಣೆಯ ವಾಸನೆ, ಬೆವರಿದ ಕಂಬಳಿಗಳ ವಾಸನೆ. ಹೊರಗಿನ ಬಿಸಿಲಿನಿಂದ ಬಂದ ಅವನ ಕಣ್ಣಿಗೆ ಗೋಡೆಗಳಿನ್ನೂ ಕಾಣುತ್ತಿರಲಿಲ್ಲ.

"ಈಗ ಸ್ವಲ್ಪ ಹೊತ್ತು ನೀವು ಮಿಸ್ಟರ್ ಥೇಯರ್," ಎಂದಳು. "ಓದಿ ಹೇಳ್ಬೇಕು, ನಗಬಾರ್ದು." ಒಂದು, ಎರಡು, ಮೂರು ಎಂದು ಗಡಗಡ ಓದಿದಳು: ಕತ್ತೆ ಒದ್ದರೆ, ಕರಡಿ ಬಂದರೆ, ಹಿಮ ಬಿದ್ದರೆ. "ಏಳನೇದು. ರಕ್ತ ಬಿತ್ತು ಅಂದ್ರೆ ಬೇಟೆ ಮುಗೀತು. ಒಂದು ಹನಿ ಕಂಡ್ರೂ ಅದೇ ನಿಮ್ಮ ಎಲ್ಕ್. ಸಿಕ್ಕಿದ್ರೆ ಸರಿ. ಸಿಗದಿದ್ರೆ ಉಳಿದ ದಿನವೆಲ್ಲ ಅದನ್ನ ಹುಡುಕೋದೇ, ಇನ್ನೊಂದಕ್ಕೆ ಬಾಣ ಹೂಡೋ ಹಾಗಿಲ್ಲ, ಚೀಟಿ ಕತ್ತರಿಸಿಬಿಡ್ಬೇಕು. ಎಂಟನೇದು..."

"ರಾಜ್ಯದ ಕಾನೂನು ಹಾಗೆ ಹೇಳಲ್ಲ," ಎಂದ ಓರಿನ್.

"ಹೇಳಲ್ಲ. ಅಪ್ಪ ಹೇಳ್ತಿದ್ದ."

"ಗಸ್ ಕಾಗದದಲ್ಲಿ ಇದು ಇದ್ದದ್ದು ನನಗೆ ನೆನಪಿಲ್ಲ."

"ಮೊದ್ಲು ಇರ್ಲಿಲ್ಲ. ಸೇರಿಸಿ ಹತ್ತು ವರ್ಷ ಆಯ್ತು."

ಅವಳು ಎಂಟನೆಯದನ್ನು ಓದತೊಡಗಿದಳು. ಅವನ ಕಣ್ಣು ಕತ್ತಲೆಗೆ ಒಗ್ಗಿಕೊಂಡಿತ್ತು. ಅವಳ ತಲೆಯ ಹಿಂದೆ, ಕಾಡಿನಲ್ಲಿ ಸಿಕ್ಕಿದ್ದನ್ನೆಲ್ಲ ಗಸ್ ಮೊಳೆ ಹೊಡೆದು ತೂಗುಹಾಕುತ್ತಿದ್ದ ಹಲಗೆ: ತುಕ್ಕು ಹಿಡಿದ ಲಾಳ, ಯಾರದೋ ಕನ್ನಡಕ, ಸಾಲಾಗಿ ಹತ್ತು ಹನ್ನೆರಡು ಬಾಣ, ಹೆಚ್ಚಿನವು ಅಲ್ಯೂಮಿನಿಯಂ. ಕೊನೆಯಲ್ಲಿ ಮರದ್ದೊಂದು. ಮುಂಭಾಗ ಗೇಣುದ್ದ ಹೋಗಿ ಮುರಿದದ್ದು. ಗರಿಗಳನ್ನು ಇಲಿ ತಿಂದಿತ್ತು. ಕಡ್ಡಿ ಹಿಮದಲ್ಲಿ ನೆನೆದು ಬೂದಿಬಣ್ಣಕ್ಕೆ ತಿರುಗಿತ್ತು. ಆದರೆ ಬಣ್ಣ ಅವನು ಒಳ್ಳೆಯದನ್ನೇ ಹಚ್ಚುತ್ತಿದ್ದ. ಕೆಂಪಿನ ಎರಡು ತೆಳು ಗೆರೆ, ನಡುವೆ ಬೆರಳಗಲ ಹಸಿರು.

ಓದುತ್ತಿದ್ದ ದನಿ ನಿಂತಿತು. ಅವಳು ತಿರುಗಿ ನೋಡಲಿಲ್ಲ. ತನ್ನ ಹಿಂದೆ ಏನಿದೆ ಎಂದು ಅವಳಿಗೆ ಗೊತ್ತಿತ್ತು.

"ತೆಗೆದಿಡ್ಬೇಕು ಅಂತ ಬೆಳಿಗ್ಗೆ ಅಂದ್ಕೊಂಡೆ," ಎಂದಳು. "ಆಮೇಲೆ ಕತ್ತೆಗೆ ಲಾಳ ಸಡಿಲ ಆಗಿತ್ತು, ಮರೆತೇಹೋಯ್ತು."

"ಎಲ್ಲಿ ಸಿಕ್ತು?"

"ಬಿಡಿ, ಓರಿನ್."

"ಎಲ್ಲಿ ಅಂತ ಕೇಳ್ದೆ."

"ಹರ್ಲಿ ಹಳ್ಳದ ದಂಡೇಲಿ. ಆಸ್ಪೆನ್ ತೋಪಿಂದ ಕೆಳಗೆ ಇನ್ನೂರು ಹೆಜ್ಜೆ. ಮರುವರ್ಷದ ಜೂನಲ್ಲಿ, ದಾರಿ ಬಿಡಿಸೋಕೆ ಹೋದಾಗ ಅಪ್ಪ ನೋಡಿದ್ದು. ಮೂಳೆಯೆಲ್ಲ ಹಾಗೇ ಇತ್ತಂತೆ, ಮೂತಿ ನೀರಲ್ಲಿ. ಬಾಣ ಇನ್ನೂ ಒಳಗೇ ಇತ್ತಂತೆ."

"ಗಸ್ ಏನಂದ?"

"ಏನೂ ಅನ್ಲಿಲ್ಲ. ಯಾರದ್ದು ಅಂತ ಹೇಳ್ಲೂ ಇಲ್ಲ." ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿದಳು. "ಬಂದವರಿಗೆಲ್ಲ ತೋರಿಸ್ತಾ ಇದ್ದ. ನಾನೂ ತೋರಿಸ್ತೀನಿ. ಹೆಸರು ಹೇಳಲ್ಲ. ಕೆಳಗೆ ಹುಡುಕಿ, ನೀರಿನ ಕಡೆಗೆ ಹುಡುಕಿ ಅಂತ ಹೇಳೋದಕ್ಕೆ, ಅಷ್ಟೆ."

ಹೊರಗಿನವರಿಗಾದರೆ ಹೆಸರು ಹೇಳಿದರೆ ಮಾತ್ರ ಗೊತ್ತಾಗುತ್ತಿತ್ತು. ಊರಿನವರಿಗೆ ಪಟ್ಟೆ ಸಾಕಾಗಿತ್ತು. ಕತ್ತೆಯ ಲಾಳ ಕೇಳಿಕೊಂಡು, ಜೀನು ಎರವಲು ಕೇಳಿಕೊಂಡು, ಬಿಯರು ಕುಡಿಯಲು, ಈ ಕೋಣೆಗೆ ಸಂಘದವರಲ್ಲಿ ಯಾರು ಬಂದಿರಲಿಲ್ಲ? ಗಸ್ ಓರಿನ್‌ನ ಕೆಲಸದ ಕೋಣೆಗೆ ಬರುವುದನ್ನು ನಿಲ್ಲಿಸಿದ್ದು ಯಾವ ವರ್ಷ? ತನ್ನ ಭಾಷಣದಿಂದ ಅವನಿಗೆ ಕೊನೆಗೂ ಬೇಜಾರಾಗಿದೆ ಎಂದುಕೊಂಡು ಓರಿನ್ ಆಗ ಒಳಗೊಳಗೇ ಸ್ವಲ್ಪ ಹೆಮ್ಮೆಪಟ್ಟಿದ್ದ. ಆಮೇಲೂ ಪ್ರತಿ ಫೆಬ್ರವರಿಯಲ್ಲಿ ಎದ್ದು ನಿಂತಿದ್ದ. ಗಾಯಗೊಂಡದ್ದು ನೀರಿಗೆ ಇಳಿಯುತ್ತದೆ ಎಂದು ಹತ್ತು ಸಲ ಹೇಳಿದ್ದ, ಹಿಂದಿನ ಸಾಲಿನಲ್ಲಿ ಗಸ್ ಹತ್ತು ಸಲವೂ, ಇಲ್ಲ, ಸಾಯುವ ತನಕ ಎಂಟು ಸಲ, ಮೇಜು ಕುಟ್ಟಿದ್ದ. ಎಲ್ಲರಿಗಿಂತ ಜೋರಾಗಿ. ಎಲ್ಲರೂ ಕುಟ್ಟಿದ್ದರು. ಆ ಮೇಜುಗಳ ಸದ್ದನ್ನು ಓರಿನ್ ಈಗ ಮೊದಲಿನಿಂದ ಕೇಳಿಸಿಕೊಳ್ಳಬೇಕಾಗಿತ್ತು, ಒಂದೊಂದಾಗಿ.

"ಎಲ್ಲರದ್ದೂ ಒಂದೊಂದು ಎಲ್ಲೋ ಬಿದ್ದಿರುತ್ತೆ," ಎಂದಳು ಡಾರ್ಸಿ. "ನನ್ನದೂ ಇದೆ. ಸಿಕ್ಕಿಲ್ಲ ಅಷ್ಟೆ. ಬೇಕಾದ್ರೆ ಬಿಚ್ಚಿಕೊಂಡು ಹೋಗಿ."

"ಇರಲಿ. ಪಾಠಕ್ಕೆ ಬೇಕಲ್ಲ."

"ಹಾಗಾದ್ರೆ ಸಹಿ ಮಾಡಿ. ನಾನು ಕರೀತೀನಿ, ನೀವು ಹೊಡೀರಿ. ಹದಿನೈದು ಹೆಜ್ಜೇಗಿಂತ ಹತ್ರ ತಂದು ನಿಲ್ಲಿಸ್ತೀನಿ. ನಿಮ್ಮ ಮೀಸೆಗೆ ತಾಗ್ಬೇಕು ಅದರ ಉಸಿರು." ಅವಳು ಪೆನ್ನು ಚಾಚಿದಳು.

"ಪೆನ್ನು ಗಾಡೀಲಿದೆ," ಎಂದು ಹೇಳಿ ಓರಿನ್ ಹೊರಗೆ ಬಂದ.

ಗಾಡಿಯ ಬಾಗಿಲು ತೆರೆದಿಟ್ಟುಕೊಂಡು, ಒಂದು ಕಾಲು ಹೊರಗಿಟ್ಟು ಕೂತ. ಗೈಡಿನ ಜೊತೆ ಹೋದರೆ ನೋಡುವವರು ಒಬ್ಬರು ಇರುತ್ತಾರೆ ಎಂಬುದೇ ಬೆಳಗಿನಿಂದ ತನ್ನನ್ನು ಕೊರೆಯುತ್ತಿದ್ದದ್ದು ಎಂದು ಈಗ ಸ್ಪಷ್ಟವಾಯಿತು. ಒಬ್ಬನೇ ಹೋದವನನ್ನು ಯಾರೂ ನೋಡುವುದಿಲ್ಲ ಎಂಬ ನಂಬಿಕೆಯ ಮೇಲೆ ಮೂವತ್ತು ವರ್ಷದ ಉಪದೇಶ ನಿಂತಿತ್ತು, ಹತ್ತು ವರ್ಷದಿಂದ ಮಾತ್ರ ಆ ನಂಬಿಕೆ ಅವನೊಬ್ಬನದೇ ಆಗಿತ್ತು. ಈಗ ಒಬ್ಬನೇ ಹೋಗುವುದೂ ಸಾಧ್ಯವಿಲ್ಲ. ಹರ್ಲಿ ಹಳ್ಳದ ಪ್ರತಿ ಮರದ ಹಿಂದೆ ಗಸ್ ಕೂತು ಮೇಜು ಕುಟ್ಟುತ್ತಾನೆ. ಡಾರ್ಸಿಯ ಜೊತೆ ಹೋದರೆ ಅವಳು ಕರೆಯುತ್ತಾಳೆ, ಅದು ಬರುತ್ತದೆ, ಏಳನೆಯ ಎಳೆತವಾಗಿರಲಿ ಮೊದಲನೆಯದಾಗಿರಲಿ ಕೈ ಗದ್ದಕ್ಕೆ ಬರುವುದಿಲ್ಲ, ಅದೇ ಒದ್ದೆ ಹಾಸಿಗೆಯ ಸದ್ದು, ಅವಳು ಅರವತ್ತು ಹೆಜ್ಜೆ ಹಿಂದಿನಿಂದ ಎದ್ದು ಬಂದು ಗಾಳಿ ಬೀಸಿತು ಎನ್ನುತ್ತಾಳೆ.

ಜೇಬಿನಿಂದ ಚೀಟಿ ತೆಗೆದ. ಗರಿ ಕತ್ತರಿಸುವ ಚಾಕು ತೆಗೆದ. ತೊಡೆಯ ಮೇಲೆ ಚೀಟಿಯಿಟ್ಟು ಸೆಪ್ಟೆಂಬರಿನ ಚೌಕವನ್ನು ಕತ್ತರಿಸಿದ, ಆಮೇಲೆ ಹದಿನಾಲ್ಕನ್ನು. ಎರಡು ಸಣ್ಣ ಕಾಗದದ ಚೂರು ಅಂಗಳದ ದೂಳಿಗೆ ಬಿದ್ದವು. ಇವತ್ತು ಆಗಸ್ಟ್ ಇಪ್ಪತ್ತೆರಡು. ಅರಣ್ಯ ಇಲಾಖೆಯವನು ಯಾರಾದರೂ ನೋಡಿದರೆ, ಇನ್ನೂ ಬರದ ದಿನದಲ್ಲಿ ಇಲ್ಲದ ಪ್ರಾಣಿಯನ್ನು ಹೊಡೆದಿದ್ದಾನೆ ಈ ಮುದುಕ ಎಂದು ತಲೆ ಕೆರೆದುಕೊಳ್ಳಬೇಕು. ಸಹಿ ಮಾಡಿದ; ಪೆನ್ನು ನಿಜವಾಗಿ ಗಾಡಿಯಲ್ಲೇ ಇತ್ತು.

ಮತ್ತೆ ಒಳಗೆ ಹೋದಾಗ ಡಾರ್ಸಿ ಪೀಪಾಯಿಗೆ ಒರಗಿ ನಿಂತಿದ್ದಳು. ಅವನು ಅವಳನ್ನು ದಾಟಿ ಹಲಗೆಯ ಹತ್ತಿರ ಹೋದ. ಮೊಳೆ ಎತ್ತರದಲ್ಲಿತ್ತು, ಗಸ್ ಅವನಿಗಿಂತ ಉದ್ದದ ಮನುಷ್ಯ. ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ಚೀಟಿಯ ದಾರವನ್ನು ಮುರಿದ ಬಾಣದ ಹಸಿರು ಪಟ್ಟೆಯ ಕೆಳಗೆ ಸುತ್ತಿ ಗಂಟು ಹಾಕತೊಡಗಿದ.

"ಏನಿದು?" ಎಂದಳು.

"ಏಳನೇದು."

ಅವಳು ಕತ್ತರಿಸಿದ ಚೌಕಗಳನ್ನು ನೋಡಿದಳು. ಅವಳ ಮುಖದಲ್ಲಿ ಏನು ಬಂತೆಂದು ಅವನಿಗೆ ಕಾಣಲಿಲ್ಲ, ಬೆನ್ನು ಮಾಡಿದ್ದ. "ಇಷ್ಟು ವರ್ಷ ಆದಮೇಲೆ ಇದು ಬೇಕಿರ್ಲಿಲ್ಲ," ಎಂದಳು. ತುಸು ತಡೆದು, ಬೇರೆ ದನಿಯಲ್ಲಿ, "ಹಾಗಾದ್ರೆ ನಾನು ಆ ಟೆಕ್ಸಾಸಿನವನಿಗೆ ಹೇಳಿಬಿಡ್ಲಾ?"

"ಹೇಳು."

ಅವಳು ಫೋನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದಳು. ಜಾಗ ಖಾಲಿಯಿದೆ, ಹೌದು ಸರ್, ಗ್ಯಾರಂಟಿ ಖಾಲಿಯಿದೆ, ಎನ್ನುತ್ತಿದ್ದಳು. ಓರಿನ್ ಎರಡನೆಯ ಗಂಟು ಹಾಕಿ ಬಿಗಿದ. ಕೈಗಳು ಇನ್ನೂ ತಲೆಯ ಮೇಲೆಯೇ ಇದ್ದವು, ಬಲಗೈ ಪೂರ್ತಿ ಚಾಚಿತ್ತು, ಭುಜದಲ್ಲಿ ನೋವಿರಲಿಲ್ಲ. ಎಷ್ಟೋ ತಿಂಗಳಿಂದ ಕಾಣದಿದ್ದ ಒಂದು ಹಗುರ ಎದೆಯಿಂದ ಎದ್ದು ತೋಳಿನವರೆಗೆ ಹರಿಯಿತು. ಇನ್ನು ಎಳೆಯಬೇಕಾಗಿಲ್ಲ, ಹೊಡೆಯಬೇಕಾಗಿಲ್ಲ, ಹುಡುಕಬೇಕಾಗಿಲ್ಲ. ಅವನು ಹಾಗೆಯೇ ನಿಂತ. ಈ ಹಗುರವನ್ನು ಎಲ್ಲಿ ನೋಡಿದ್ದೆ ಎಂದು ಯೋಚಿಸಿದ, ಯೋಚಿಸುವುದು ಬೇಡವಾಗಿತ್ತು. ನಾಲ್ಕು ಕಪ್ಪು ಹನಿಗಳ ಮೇಲೆ ಬಗ್ಗಿದ್ದಾಗ ಮೇಲಿನ ದಿಣ್ಣೆಯಿಂದ ಆ ಕೂಗು ಕೇಳಿ ತಲೆಯೆತ್ತಿದ್ದನಲ್ಲ, ಆಗ ಎದ್ದದ್ದೂ ಇದೇ ಹಗುರ.